ಹಳೆಯ ಕಾರಿಗೆ ಕಳ್ಳತನ ತಡೆಯುವ ಅಲಾರಂ: ಆರಿಸುವ ಮುನ್ನವೂ ಜೋಡಿಸಿದ ಮೇಲೂ ನೋಡಬೇಕಾದದ್ದು

ದಾವಣಗೆರೆಯ ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆ, ಕೆ.ಟಿ.ಜೆ. ನಗರದ ಬೀದಿಗಳಲ್ಲಿ ರಾತ್ರಿ ಹತ್ತರ ಮೇಲೆ ಒಂದು ಸುತ್ತು ಹಾಕಿದರೆ, ಗೇಟಿನ ಒಳಗೆ ಹೊಸ ಕಾರು, ಹೊರಗೆ ಮನೆಯ ಗೋಡೆಗೆ ಒತ್ತಿಕೊಂಡು ಹಳೆಯ ಕಾರು ನಿಂತಿರುವ ನೋಟ ಅನೇಕ ಕಡೆ ಕಾಣುತ್ತದೆ. ಮಾರುತಿ 800, ಝೆನ್, ಓಮ್ನಿ, ಅಪರೂಪಕ್ಕೊಂದು ಅಂಬಾಸಿಡರ್. ಇವುಗಳಲ್ಲಿ ಬಹುಪಾಲು, ಕೀಲಿಯೊಳಗಿನ ಚಿಪ್ಪನ್ನು ಗುರುತಿಸಿದ ಮೇಲಷ್ಟೇ ಎಂಜಿನ್ ಚಾಲೂ ಆಗುವ ವ್ಯವಸ್ಥೆ ನಮ್ಮ ರಸ್ತೆಗಳಿಗೆ ಬರುವ ಮೊದಲೇ ತಯಾರಾದವು. ಅವುಗಳನ್ನು ಕಾಯುವುದು ಸವೆದ ಒಂದು ಬೀಗ ಮತ್ತು ಸ್ಟೇರಿಂಗಿನ ಲಾಕ್ ಮಾತ್ರ.

ನಮ್ಮ ಮನೆಯಲ್ಲಿರುವುದು 1998ರ ಮಾರುತಿ 800. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನೋಡಿದಾಗ ಅದರ ಬ್ಯಾಟರಿ ಇರಲಿಲ್ಲ, ಚಾಲಕನ ಬದಿಯ ಬಾಗಿಲಿನ ಬೀಗ ತಿರುಚಿತ್ತು. ಆ ದಿನವೇ ಸಂಜೆ ಗಾಬರಿಯಲ್ಲಿ ಒಂದು ಅಂಗಡಿಗೆ ಹೋಗಿ, ಅಲ್ಲಿದ್ದವುಗಳಲ್ಲಿ ಹೆಚ್ಚು ಜೋರಾಗಿ ಕೂಗುವ ಅಲಾರಂ ಹಾಕಿಸಿಕೊಂಡು ಬಂದೆ. ಮೂರನೆಯ ತಿಂಗಳು ತಾಯಿಯನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದಾಗ, ಆನಗೋಡು ದಾಟಿದ ಮೇಲೆ ಹೆದ್ದಾರಿಯ ಮಧ್ಯದಲ್ಲಿ ಎಂಜಿನ್ ಏಕಾಏಕಿ ನಿಂತಿತು. ಹಿಂದೆ ಲಾರಿಗಳ ಸಾಲು ಬರುತ್ತಿತ್ತು. ಹೇಗೋ ಬದಿಗೆ ಎಳೆದುಕೊಂಡೆ. ಡ್ಯಾಶ್‌ಬೋರ್ಡಿನ ಕೆಳಗೆ ಇಗ್ನಿಷನ್ ವೈರನ್ನು ಕತ್ತರಿಸಿ, ಅಲಾರಮಿನ ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿಗೆ) ಬರಿ ಕೈಯಲ್ಲಿ ತಿರುಚಿ ಟೇಪು ಸುತ್ತಿದ್ದ ಜೋಡಣೆ ಕಾದು ಕಪ್ಪಾಗಿ ಬಿಟ್ಟುಹೋಗಿತ್ತು. ಕಳ್ಳನಿಂದ ಕಾರನ್ನು ಉಳಿಸಲು ಹೋಗಿ, ಕಾರಿನೊಳಗಿದ್ದವರನ್ನೇ ಅಪಾಯಕ್ಕೆ ಒಡ್ಡಿದ್ದೆ. ಆಮೇಲೆ ಕಲಿತದ್ದನ್ನು, ಕೆಲಸ ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಕಾರು ಎಲ್ಲಿ ನಿಲ್ಲುತ್ತದೆ, ಏನು ಹೋಗಬಹುದು

ಹಳೆಯ ಕಾರಿನಿಂದ ಹೋಗುವುದು ಯಾವಾಗಲೂ ಇಡೀ ಕಾರಲ್ಲ. ಬ್ಯಾಟರಿ, ಸ್ಟೆಪ್ನಿ, ಸ್ಟೀರಿಯೊ ಹೋಗುತ್ತವೆ. ಈಕೋದಂಥ ವ್ಯಾನುಗಳಲ್ಲಿ ಸೈಲೆನ್ಸರನ್ನೇ ಬಿಚ್ಚಿಕೊಂಡು ಹೋಗುವ ಕಳ್ಳತನಗಳು ದೇಶದ ಹಲವೆಡೆ ನಡೆದಿವೆ, ಏಕೆಂದರೆ ಅದರೊಳಗಿನ ಹೊಗೆ ಶುದ್ಧೀಕರಣದ ಭಾಗದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಬೆಲೆಬಾಳುವ ಲೋಹಗಳಿರುತ್ತವೆ. ಬ್ಯಾಟರಿಯ ಚಿಂತೆ ಇದ್ದವರಿಗೆ ಬಾನೆಟ್ಟಿನ ಸ್ವಿಚ್ ಮುಖ್ಯ. ಇಡೀ ಕಾರಿನ ಚಿಂತೆ ಇದ್ದವರಿಗೆ ಎಂಜಿನ್ ಚಾಲೂ ಆಗದಂತೆ ತಡೆಯುವ ಭಾಗ ಮುಖ್ಯ. ಸೈಲೆನ್ಸರಿನ ಚಿಂತೆ ಇದ್ದವರಿಗೆ, ಜಾಕ್ ಕೊಟ್ಟು ಎತ್ತಿದಾಗ ಕಾರು ವಾಲುವುದನ್ನು ಗುರುತಿಸುವ ಸೆನ್ಸರ್ ಬೇಕು.

ಎರಡನೆಯ ಪ್ರಶ್ನೆ, ಸೈರನ್ ಕೂಗಿದರೆ ಅದು ಯಾರ ಕಿವಿಗೆ ಬೀಳುತ್ತದೆ ಎಂಬುದು. ಮಲಗುವ ಕೋಣೆಯ ಕಿಟಕಿಯ ಕೆಳಗೇ ಕಾರು ನಿಲ್ಲುವುದಾದರೆ ಸಾಧಾರಣ ಸೈರನ್ ಸಾಕು. ಮನೆಯಿಂದ ಎರಡು ತಿರುವು ಆಚೆ, ಖಾಲಿ ಸೈಟಿನ ಪಕ್ಕದಲ್ಲಿ ಬಿಡುವವರು ಸದ್ದನ್ನು ನಂಬಬಾರದು. ಅಪರಿಚಿತ ಕಾರಿನ ಸೈರನ್ ಕೇಳಿ ಹಾಸಿಗೆಯಿಂದ ಎದ್ದು ಬರುವವರು ಯಾವ ಊರಿನಲ್ಲಿಯೂ ಕಡಿಮೆ. ಅಂಥವರು ಅದೇ ಹಣವನ್ನು ಗೇರ್ ಲಾಕಿಗೂ ಎಂಜಿನ್ ಹತ್ತದಂತೆ ತಡೆಯುವ ಗುಪ್ತ ಸ್ವಿಚ್ಚಿಗೂ ಹಾಕುವುದು ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು: ಕಾರಿನ ತಪಾಸಣೆ

ಅಲಾರಂ ಬಿಚ್ಚಿಸಿ ಮತ್ತೆ ಸರಿಯಾಗಿ ಜೋಡಿಸಿಕೊಟ್ಟ ಎಲೆಕ್ಟ್ರಿಷಿಯನ್ ಮೊದಲ ದಿನ ಹೇಳಿದ ಮಾತು ಹೀಗಿತ್ತು: “ಮೊದ್ಲು ಲಾಕ್ ಸರಿ ಮಾಡ್ಸಿ ಸಾರ್, ಸೈರನ್ ಆಮೇಲೆ ನೋಡೋಣ.” ಇಪ್ಪತ್ತೈದು ವರ್ಷ ಓಡಿದ ಕಾರಿನ ಬೀಗದೊಳಗಿನ ಹಿತ್ತಾಳೆಯ ಬಿಲ್ಲೆಗಳು ಎಷ್ಟು ಸವೆದಿರುತ್ತವೆಂದರೆ, ಕೆಲವೊಮ್ಮೆ ಬೇರೊಂದು ಕಾರಿನ ಸವೆದ ಕೀಲಿಗೂ ಅದು ತಿರುಗುತ್ತದೆ. ನಿಮ್ಮ ಕೀಲಿಯನ್ನು ಇಗ್ನಿಷನ್ ಚಾಲೂ ಇರುವಾಗಲೇ ಹೊರಗೆಳೆಯಲು ಬರುತ್ತದೆಯೇ ಎಂದು ನೋಡಿ. ಬರುವುದಾದರೆ ಬೀಗ ಸವೆದಿದೆ. ಇಗ್ನಿಷನ್ ಮತ್ತು ಬಾಗಿಲುಗಳ ಬೀಗದ ಸೆಟ್ಟನ್ನೇ ಬದಲಿಸಬೇಕು. ಅಂಬಾಸಿಡರ್, ಪದ್ಮಿನಿಗಳಲ್ಲಿ ಮುಂದಿನ ಬಾಗಿಲಿನ ತ್ರಿಕೋನಾಕಾರದ ಚಿಕ್ಕ ಗಾಜಿನ ಕೊಂಡಿ ಸಡಿಲವಾಗಿದ್ದರೆ ಅದನ್ನೂ ಗಟ್ಟಿ ಮಾಡಿಸಬೇಕು. ಡಿಕ್ಕಿಯ ಬೀಗ, ಬಾನೆಟ್ ತೆರೆಯುವ ಕೇಬಲ್, ಗಾಜುಗಳ ರಬ್ಬರ್ ಬೀಡಿಂಗ್ ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಆಮೇಲೆ ವಿದ್ಯುತ್ತು. ಮಾರುಕಟ್ಟೆಯಲ್ಲಿ ಸಿಗುವ ಅಲಾರಮುಗಳು 12 ವೋಲ್ಟಿನ, ನೆಗೆಟಿವ್ ಅರ್ತ್ ಇರುವ (ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿದ) ಕಾರುಗಳಿಗೆ ಮಾಡಿದವು. ಮಾರುತಿಯ ಕಾಲದ ಕಾರುಗಳಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ತಾತನ ಕಾಲದ ಬ್ರಿಟಿಷ್ ಕಾರನ್ನು ಜೋಪಾನ ಮಾಡಿಕೊಂಡವರು, ಅದು 6 ವೋಲ್ಟಿನದೋ, ಪಾಸಿಟಿವ್ ಅರ್ತಿನದೋ ಎಂದು ತಿಳಿಯದೆ ಅಲಾರಂ ಪೆಟ್ಟಿಗೆಯನ್ನು ತೆರೆಯಲೂಬಾರದು. ಉಳಿದವರು ಮಲ್ಟಿಮೀಟರ್ ಹಿಡಿದು ಎರಡು ಅಳತೆ ತೆಗೆಯಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.5 ವೋಲ್ಟಿನ ಆಸುಪಾಸಿನಲ್ಲಿರಬೇಕು, ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಹೀಗಿಲ್ಲದಿದ್ದರೆ ಮೊದಲು ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ಸರಿಮಾಡಿಸಬೇಕು.

ಇದಕ್ಕೆ ಕಾರಣ ಒಂದು ಸರಳ ಲೆಕ್ಕದಲ್ಲಿದೆ. ಕಾವಲಿಗೆ ಇಟ್ಟ ಅಲಾರಂ ಸದಾ ಸ್ವಲ್ಪ ವಿದ್ಯುತ್ತನ್ನು ಕುಡಿಯುತ್ತಲೇ ಇರುತ್ತದೆ. ಅದು 20 ಮಿಲಿಆಂಪ್ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು ಅರ್ಧ ಆಂಪ್-ಅವರ್, ಮೂವತ್ತು ದಿನಕ್ಕೆ 14.4 ಆಂಪ್-ಅವರ್ ಆಯಿತು. ಚಿಕ್ಕ ಕಾರಿನ 35 ಆಂಪ್-ಅವರ್ ಬ್ಯಾಟರಿಯಲ್ಲಿ ಇದು ನೂರಕ್ಕೆ ನಲವತ್ತರಷ್ಟು. ಬ್ಯಾಟರಿ ಹಳೆಯದಾಗಿ ಅದರ ಶಕ್ತಿ ಅರ್ಧಕ್ಕೆ ಇಳಿದಿದ್ದರೆ, ಮಕ್ಕಳ ಬೇಸಿಗೆ ರಜೆಗೆ ಮೂರು ವಾರ ಊರಿಗೆ ಹೋಗಿ ಬರುವಷ್ಟರಲ್ಲಿ ಸೆಲ್ಫ್ ಹೊಡೆಯುವ ಶಕ್ತಿ ಉಳಿದಿರುವುದಿಲ್ಲ. ಇನ್ನೂ ಹೆಚ್ಚು ದಿನ ನಿಂತರೆ ಅಲಾರಮೂ ಸಾಯುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಕಾವಲಿನ ಸ್ಥಿತಿಯಲ್ಲಿ ಎಷ್ಟು ಮಿಲಿಆಂಪ್ ಎಂದು ಬರೆದಿದೆಯೇ ಎಂದು ನೋಡುವುದು, ಸೈರನ್ ಎಷ್ಟು ಜೋರು ಎಂದು ನೋಡುವುದಕ್ಕಿಂತ ಮುಖ್ಯವಾದದ್ದು.

ಮೂರನೆಯದು: ಎಂಜಿನನ್ನು ತಡೆಯುವ ಬಗೆ

ಸೈರನ್ ಕಳ್ಳನನ್ನು ಹೆದರಿಸಬಹುದು. ಹೆದರದವನನ್ನು ನಿಲ್ಲಿಸುವುದು ಎಂಜಿನ್ ತಡೆ ಮಾತ್ರ. ಇದನ್ನು ಅಂಗಡಿಯವರು ‘ಇಮ್ಮೊಬಿಲೈಸರ್’ ಎನ್ನುತ್ತಾರೆ. ಹೊಸ ಕಾರಿನಲ್ಲಿ ಇದು ಎಂಜಿನ್ನಿನ ಕಂಪ್ಯೂಟರಿನೊಳಗೇ ಇರುತ್ತದೆ. ಹಳೆಯ ಕಾರಿಗೆ ನಾವು ಸೇರಿಸುವುದು, ಯಾವುದೋ ಒಂದು ವೈರನ್ನು ಬೇಕಾದಾಗ ಕಡಿದು ಬೇಕಾದಾಗ ಕೂಡಿಸುವ ಒಂದು ರಿಲೇ. ಅದು ಯಾವ ವೈರು ಎಂಬುದರಲ್ಲಿ ಎಲ್ಲವೂ ಅಡಗಿದೆ.

ಹೆಚ್ಚಿನವರು ಸುಲಭವೆಂದು ಸೆಲ್ಫ್ ಮೋಟರಿನ ವೈರನ್ನು ಆರಿಸುತ್ತಾರೆ. ಇದರಲ್ಲಿ ಒಂದು ಒಳ್ಳೆಯ ಗುಣವಿದೆ: ಓಡುತ್ತಿರುವ ಎಂಜಿನ್ ಇದರಿಂದ ಎಂದಿಗೂ ನಿಲ್ಲುವುದಿಲ್ಲ, ಏಕೆಂದರೆ ಚಾಲೂ ಆದ ಮೇಲೆ ಸೆಲ್ಫಿನ ಕೆಲಸ ಮುಗಿಯಿತು. ಕೊರತೆ ಎಂದರೆ, ಹಳೆಯ ಪೆಟ್ರೋಲ್ ಕಾರನ್ನು ಇಬ್ಬರು ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರೆ ಅದು ಚಾಲೂ ಆಗಿಬಿಡುತ್ತದೆ; ನಾವೆಲ್ಲ ಬ್ಯಾಟರಿ ಇಳಿದಾಗ ಮಾಡುವುದು ಇದನ್ನೇ. ಆದ್ದರಿಂದ ಕಾರ್ಬುರೇಟರ್ ಇರುವ ಕಾರಿನಲ್ಲಿ ಇಗ್ನಿಷನ್ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಡೆಯಬೇಕು. ಕಾಯಿಲಿಗೆ ವಿದ್ಯುತ್ತಿಲ್ಲದಿದ್ದರೆ ಪ್ಲಗ್ಗಿನಲ್ಲಿ ಕಿಡಿ ಇಲ್ಲ, ಎಷ್ಟು ತಳ್ಳಿದರೂ ಫಲವಿಲ್ಲ. 2000ನೆಯ ಇಸವಿಯ ಆಚೀಚೆ ಬಂದ ಎಂಪಿಎಫ್‌ಐ (ಕಾರ್ಬುರೇಟರಿನ ಬದಲು ಕಂಪ್ಯೂಟರ್ ಅಳತೆಯಲ್ಲಿ ಇಂಧನ ಸಿಂಪಡಿಸುವ) ಕಾರುಗಳಲ್ಲಿ ಇಂಧನ ಪಂಪಿನ ರಿಲೇಯನ್ನು ತಡೆಯುವುದು ಸೂಕ್ತ. ಹಳೆಯ ಡೀಸೆಲ್ ಕಾರುಗಳ ವಿಷಯ ಬೇರೆ: ಅವಕ್ಕೆ ಕಿಡಿಯೇ ಬೇಡ, ಒಮ್ಮೆ ಹತ್ತಿಕೊಂಡರೆ ಡೀಸೆಲ್ ಉರಿಯಲು ವಿದ್ಯುತ್ತೂ ಬೇಡ. ಅವುಗಳಲ್ಲಿ ಇಂಜೆಕ್ಷನ್ ಪಂಪಿನ ಮೇಲೆ ಡೀಸೆಲ್ ನಿಲ್ಲಿಸುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಇದ್ದರೆ ಅದರ ವೈರನ್ನು ಹಿಡಿಯಬೇಕು. ಕೈಯಿಂದ ಎಳೆದು ಎಂಜಿನ್ ನಿಲ್ಲಿಸುವ ಕೇಬಲ್ ಇರುವ ಕಾರಾದರೆ ವೈರಿನ ಉಪಾಯ ನಡೆಯದು, ಗೇರ್ ಲಾಕೇ ಗತಿ.

ಇನ್ನು ಆ ರಿಲೇ ಹೇಗೆ ವರ್ತಿಸಬೇಕು ಎಂಬ ಪ್ರಶ್ನೆ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ, ಗ್ರಾಹಕರೇ ಕೇಳಬೇಕು. ಒಂದು ಬಗೆಯಲ್ಲಿ, ರಿಲೇಗೆ ವಿದ್ಯುತ್ತಿಲ್ಲದಾಗ ವೈರು ಕೂಡಿಕೊಂಡಿರುತ್ತದೆ, ಅಲಾರಂ ಕಾವಲಿನಲ್ಲಿದ್ದಾಗ ಮಾತ್ರ ಕಡಿಯುತ್ತದೆ. ಇನ್ನೊಂದು ಬಗೆಯಲ್ಲಿ, ಅಲಾರಂ ಅನುಮತಿ ಕೊಟ್ಟು ರಿಲೇಯನ್ನು ಎಳೆದು ಹಿಡಿದಿರುವಷ್ಟು ಹೊತ್ತು ಮಾತ್ರ ವೈರು ಕೂಡಿರುತ್ತದೆ. ಎರಡನೆಯದು ಕಳ್ಳನಿಗೆ ಹೆಚ್ಚು ಕಷ್ಟ, ಏಕೆಂದರೆ ಅಲಾರಮನ್ನು ಕಿತ್ತೆಸೆದರೂ ಎಂಜಿನ್ ಹತ್ತುವುದಿಲ್ಲ. ಆದರೆ ಅಲಾರಂ ಕೆಟ್ಟರೆ, ಅದರ ಫ್ಯೂಸ್ ಹೋದರೆ, ಓಡುವ ಕಾರೂ ನಡುರಸ್ತೆಯಲ್ಲಿ ನಿಲ್ಲುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಿನವೂ ಓಡಾಡುವ ಯಾರಿಗೂ ನಾನು ಎರಡನೆಯದನ್ನು ಹೇಳಲಾರೆ. ಮೊದಲ ಬಗೆಯ ರಿಲೇಯನ್ನು ಹಾಕಿಸಿ, ಅದರ ಕೊರತೆಯನ್ನು ತುಂಬಲು ಅಲಾರಮಿಗೆ ಯಾವ ಸಂಬಂಧವೂ ಇಲ್ಲದ ಒಂದು ಗುಪ್ತ ಸ್ವಿಚ್ಚನ್ನು ಪ್ರತ್ಯೇಕವಾಗಿ ಇರಿಸುವುದು ನಾನು ಕಂಡುಕೊಂಡ ದಾರಿ. ಕಾಯಿಲಿನ ವೈರಿನಲ್ಲಿ ನಾಲ್ಕು ಆಂಪಿನಷ್ಟು ವಿದ್ಯುತ್ತು ಹರಿಯುವುದರಿಂದ, ಸ್ವಿಚ್ಚು ಕನಿಷ್ಠ ಹತ್ತು ಆಂಪಿನದಾಗಿರಬೇಕು. ಆಟಿಕೆಯ ಸ್ವಿಚ್ಚಿನಂಥದ್ದು ಕಾದು ಕರಗುತ್ತದೆ. ಅದನ್ನು ಎಲ್ಲಿ ಇಡಿಸಿದಿರಿ ಎಂಬುದು ಮನೆಯವರಿಗೆ ಮಾತ್ರ ತಿಳಿದಿರಲಿ.

ಕೆಲವು ಸೆಟ್ಟುಗಳಲ್ಲಿ ಓಡುತ್ತಿರುವ ಕಾರನ್ನು ರಿಮೋಟಿನಿಂದಲೋ ಮೊಬೈಲಿನಿಂದಲೋ ನಿಲ್ಲಿಸುವ ಸೌಲಭ್ಯವಿರುತ್ತದೆ. ಅದರ ವೈರನ್ನು ಜೋಡಿಸದೆ ಹಾಗೆಯೇ ಬಿಡಿಸಿ. ಎಂಜಿನ್ ನಿಂತ ಮೇಲೆ ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಒತ್ತಿಗೆ ಮುಗಿಯುತ್ತದೆ, ಅನಂತರ ಪೆಡಲ್ ಕಲ್ಲಿನಂತಾಗುತ್ತದೆ. ಆ ಕಾರಿನ ಎದುರಿಗೆ ಬರುವವರು ಯಾರೆಂದು ನಮಗೆ ತಿಳಿದಿರುವುದಿಲ್ಲ.

ಬ್ಯಾಟರಿಯ ಟರ್ಮಿನಲ್ಲಿಗೇ ಹಾಕುವ, ತಿರುಗಿಸಿದರೆ ಸಂಪರ್ಕ ಕಡಿಯುವ ತಿರುಪು ಕಟ್-ಆಫ್ ಅಗ್ಗ ಮತ್ತು ಸರಳ, ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಬಹಳ ಒಳ್ಳೆಯದು. ಆದರೆ ಅದನ್ನು ತಿರುಗಿಸಿದ ಕ್ಷಣವೇ ಅಲಾರಮೂ ನಿದ್ದೆ ಹೋಗುತ್ತದೆ. ಎರಡೂ ಬೇಕೆನ್ನುವವರು, ಅಲಾರಮಿಗೆ ಕಟ್-ಆಫಿಗಿಂತ ಮೊದಲೇ, ಬ್ಯಾಟರಿಯ ಕಡೆಯಿಂದ ಫ್ಯೂಸ್ ಸಹಿತ ಬೇರೆ ವೈರು ಎಳೆಸಬೇಕು.

ನಾಲ್ಕನೆಯದು: ರಿಮೋಟು, ಸೆನ್ಸರು, ಸೈರನ್

ರಿಮೋಟಿನಲ್ಲಿ ಕೇಳಬೇಕಾದದ್ದು ಒಂದೇ: ಅದು ರೋಲಿಂಗ್ ಕೋಡಿನದೇ? ಸ್ಥಿರ ಕೋಡಿನ ರಿಮೋಟು ಪ್ರತಿ ಬಾರಿಯೂ ಒಂದೇ ಸಂಕೇತವನ್ನು ಕಳಿಸುತ್ತದೆ. ಅದನ್ನು ಒಮ್ಮೆ ಹಿಡಿದಿಟ್ಟುಕೊಂಡವನು ಮತ್ತೆ ಕಳಿಸಿದರೆ ಬಾಗಿಲು ತೆರೆಯುತ್ತದೆ. ರೋಲಿಂಗ್ ಕೋಡಿನದು ಪ್ರತಿ ಒತ್ತಿಗೂ ಸಂಕೇತವನ್ನು ಬದಲಿಸುತ್ತದೆ. ಎರಡು ರಿಮೋಟುಗಳನ್ನು ಎದುರುಬದುರು ಹಿಡಿದು ನಕಲು ಮಾಡಿಕೊಡುವ ಕೀಲಿ ಅಂಗಡಿಯಲ್ಲಿ ನಿಮ್ಮದರ ನಕಲು ನಿಮಿಷದಲ್ಲಿ ಸಿದ್ಧವಾದರೆ, ಅದು ಸ್ಥಿರ ಕೋಡಿನದೆಂದು ತಿಳಿಯಿರಿ.

ಬಾಗಿಲು, ಬಾನೆಟ್, ಡಿಕ್ಕಿಗಳ ಸ್ವಿಚ್ಚುಗಳೇ ಅಲಾರಮಿನ ನಂಬಿಗಸ್ತ ಕಣ್ಣುಗಳು. ಹಳೆಯ ಕೆಲವು ಕಾರುಗಳಲ್ಲಿ ಒಳದೀಪದ ಸ್ವಿಚ್ಚು ಮುಂದಿನ ಬಾಗಿಲುಗಳಿಗೆ ಮಾತ್ರ ಇರುತ್ತದೆ. ಹಿಂದಿನ ಬಾಗಿಲು ತೆರೆದರೆ ಅಲಾರಮಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎಲ್ಲ ಬಾಗಿಲಿಗೂ ಸ್ವಿಚ್ಚು ಹಾಕಿಸಿ, ತುಕ್ಕು ಹಿಡಿದವನ್ನು ಬದಲಿಸಿ. ಮಳೆಗಾಲದಲ್ಲಿ ಕಾರಣವಿಲ್ಲದೆ ಕೂಗುವ ಅಲಾರಮುಗಳಲ್ಲಿ ಎಷ್ಟೋ ಬಾರಿ ದೋಷವಿರುವುದು ಇಂಥ ಒಂದು ತುಕ್ಕಿನ ಸ್ವಿಚ್ಚಿನಲ್ಲಿ.

ಅದುರುವಿಕೆಯ ಸೆನ್ಸರಿನ ವಿಷಯದಲ್ಲಿ ನಮ್ಮ ಊರನ್ನು ಗಮನಿಸಬೇಕು. ಪಿ.ಬಿ. ರಸ್ತೆಯ ಬದಿಯಲ್ಲಿ, ಎಪಿಎಂಸಿ ಕಡೆಗೆ ಮೆಕ್ಕೆಜೋಳದ ಲಾರಿಗಳು ಹೋಗುವ ಹಾದಿಯಲ್ಲಿ ನಿಲ್ಲುವ ಕಾರು ರಾತ್ರಿಯಿಡೀ ಸಣ್ಣಗೆ ಅದುರುತ್ತಿರುತ್ತದೆ. ಗಣೇಶ ವಿಸರ್ಜನೆಯ ಡೊಳ್ಳು, ದೀಪಾವಳಿಯ ಪಟಾಕಿ, ದುರ್ಗಾಂಬಿಕಾ ಜಾತ್ರೆಯ ದಿನಗಳ ಸದ್ದು ಬೇರೆ. ನಾಲ್ಕು ರಾತ್ರಿ ಸುಮ್ಮಸುಮ್ಮನೆ ಕೂಗಿದ ಅಲಾರಮಿಗೆ ಐದನೆಯ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ. ಮಾಲೀಕನೇ ಬೇಸತ್ತು ಅದನ್ನು ಆರಿಸಿಬಿಡುತ್ತಾನೆ. ಆದ್ದರಿಂದ ಎರಡು ಹಂತದ ಸೆನ್ಸರ್ ಕೊಳ್ಳಿ: ಲಘುವಾಗಿ ತಟ್ಟಿದರೆ ಎರಡು ಬಾರಿ ಚಿಲಿಪಿಲಿ ಎಂದು ಸುಮ್ಮನಾಗುವುದು, ಬಲವಾಗಿ ಬಡಿದರೆ ಮಾತ್ರ ಪೂರ್ತಿ ಕೂಗುವುದು. ಅದನ್ನು ಅಲುಗಾಡುವ ಪ್ಲಾಸ್ಟಿಕ್ಕಿಗಾಗಲೀ ವೈರಿನ ಕಟ್ಟಿಗಾಗಲೀ ಕಟ್ಟದೆ, ಡ್ಯಾಶ್‌ಬೋರ್ಡಿನ ಕೆಳಗಿನ ಗಟ್ಟಿ ಲೋಹದ ಭಾಗಕ್ಕೆ ಬಿಗಿಯಬೇಕು. ಮೊದಲು ಗುಂಡಿಯನ್ನು ತೀರ ಕಡಿಮೆಗೆ ಇಟ್ಟು, ಅಂಗೈಯಿಂದ ಗಾಜಿನ ಅಂಚನ್ನು ಗುದ್ದುತ್ತ ಸ್ವಲ್ಪಸ್ವಲ್ಪವೇ ಏರಿಸಿ. ಈ ಹೊಂದಿಕೆಯನ್ನು ಅಂಗಡಿಯ ಮುಂದೆ ಮುಗಿಸದೆ, ಕಾರು ನಿತ್ಯ ನಿಲ್ಲುವ ಜಾಗದಲ್ಲಿಯೇ ಮಾಡಿ. ಒಳಗಿನ ಚಲನೆಯನ್ನು ಗುರುತಿಸುವ ಅಲ್ಟ್ರಾಸಾನಿಕ್ ಸೆನ್ಸರ್, ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಗಾಜನ್ನು ಬೆರಳಗಲ ಇಳಿಸಿ ನಿಲ್ಲಿಸುವ ನಮ್ಮ ರೂಢಿಗೆ ಹೊಂದುವುದಿಲ್ಲ; ಒಳನುಗ್ಗುವ ಗಾಳಿಗೇ ಅದು ಎಚ್ಚರಗೊಳ್ಳುತ್ತದೆ.

ಸೈರನ್ ತಾನಾಗಿ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ನಿಲ್ಲುವಂತಿರಲಿ. ಸೆಂಟ್ರಲ್ ಲಾಕ್ ಜೊತೆಗೆ ಬೇಕೆನ್ನುವವರು, ಬಾಗಿಲಿನ ಒಳಗಿನ ಕೊಂಡಿಗಳಿಗೆ ಮೊದಲು ಗ್ರೀಸ್ ಹಾಕಿಸಿ ಸಡಿಲ ಮಾಡಿಸಬೇಕು, ಇಲ್ಲದಿದ್ದರೆ ಮೋಟರುಗಳು ಬೇಗ ಸುಡುತ್ತವೆ. ಜಿಪಿಎಸ್ ಟ್ರ್ಯಾಕರ್ ಕಳ್ಳತನವನ್ನು ತಡೆಯುವುದಿಲ್ಲ, ಹುಡುಕಲು ನೆರವಾಗುತ್ತದೆ. ಅದರ ಸಿಮ್ಮಿಗೆ ಕರೆನ್ಸಿ ಹಾಕಿಸುವ ನೆನಪು ಇರುವವರು ಮಾತ್ರ ತೆಗೆದುಕೊಳ್ಳಲಿ.

ಐದನೆಯದು: ಜೋಡಣೆಯ ದಿನ

ಆ ದಿನ ರಜೆ ಹಾಕಿ ಪಕ್ಕದಲ್ಲೇ ನಿಲ್ಲಿ. ಹಳೆಯ ಕಾರಿನ ವೈರುಗಳ ಹೊದಿಕೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕೆಲವೆಡೆ ಇಲಿಯೂ ಕಡಿದಿರುತ್ತದೆ. ಅಲ್ಲಿ ಹೊಸ ವೈರನ್ನು ತಿರುಚಿ ಟೇಪು ಸುತ್ತಿದರೆ, ಟೇಪಿನ ಅಂಟು ನಮ್ಮ ಬೇಸಿಗೆಯಲ್ಲಿ ಕರಗಿ ಜಾರುತ್ತದೆ. ಪ್ರತಿ ಜೋಡಣೆಗೂ ಬೆಸುಗೆ ಹಾಕಿ ಕಾಯಿಸಿ ಬಿಗಿಯುವ ಕೊಳವೆ ಹೊದಿಸಬೇಕು, ಅಥವಾ ಒತ್ತಿ ಕೂಡಿಸುವ ಸರಿಯಾದ ಕನೆಕ್ಟರ್ ಹಾಕಬೇಕು. ಅಲಾರಮಿನ ಮುಖ್ಯ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಫ್ಯೂಸ್ ಇಲ್ಲದ ವೈರು ಕಾರಿನ ಲೋಹದ ಮೈಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಯೇ ಹತ್ತಬಹುದು. ಅರ್ತ್ ವೈರನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಬಿಗಿಯಬೇಕು. ಸೈರನ್ನಿನ ಬಾಯಿ ಕೆಳಮುಖವಾಗಿರಬೇಕು, ನೀರು ತುಂಬಬಾರದು, ಎಕ್ಸಾಸ್ಟಿನ ಬಿಸಿ ತಾಗಬಾರದು, ಅದರ ವೈರು ಕಾರಿನ ಕೆಳಗಿನಿಂದ ಕೈಗೆ ಸಿಗಬಾರದು. ಅಲಾರಮಿನ ಪೆಟ್ಟಿಗೆಯನ್ನು ಸ್ಟೇರಿಂಗಿನ ಕೆಳಗೆ ನೇತುಹಾಕುವುದು ಎಲ್ಲರೂ ಮಾಡುವ ಕೆಲಸ, ಆದ್ದರಿಂದಲೇ ಕಳ್ಳನ ಕೈ ಮೊದಲು ಹೋಗುವುದೂ ಅಲ್ಲಿಗೇ. ಹೀಟರ್ ಡಬ್ಬಿಯ ಹಿಂದೆಯೋ ಇನ್ನೂ ಆಳದಲ್ಲಿಯೋ ಕೂರಿಸಲು ಒತ್ತಾಯಿಸಿ, ಒಂದು ಗಂಟೆ ಹೆಚ್ಚಾದರೂ ಆಗಲಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮೊದಲು, ಅಲಾರಂ ಕಾವಲಿನಲ್ಲಿರುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ನಡುವೆ ಮಲ್ಟಿಮೀಟರನ್ನು ಹತ್ತು ಆಂಪಿನ ಅಳತೆಯಲ್ಲಿಟ್ಟು ಸೋರಿಕೆಯನ್ನು ಅಳೆಯಲು ಹೇಳಿ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು. ಎಲ್ಲ ಸೇರಿ 50 ಮಿಲಿಆಂಪಿನೊಳಗೆ ನಿಂತರೆ ಸರಿ. ಆಮೇಲೆ ಒಂದೊಂದೇ ಬಾಗಿಲು, ಡಿಕ್ಕಿ, ಬಾನೆಟ್ ತೆರೆದು ಕೂಗುತ್ತದೆಯೇ ಎಂದು ನೋಡಿ. ಕಾವಲಿನಲ್ಲಿಟ್ಟು ಕೀಲಿ ತಿರುಗಿಸಿ ಎಂಜಿನ್ ಹತ್ತುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಓಡುತ್ತಿರುವಾಗ, ಕಾರು ನಿಂತಲ್ಲೇ, ಅಲಾರಮಿನ ಫ್ಯೂಸ್ ಕಿತ್ತು ನೋಡಿ. ಎಂಜಿನ್ ನಿಲ್ಲಬಾರದು. ಈ ಕೊನೆಯ ಪರೀಕ್ಷೆಯನ್ನು ಮೊದಲ ಅಲಾರಮಿನ ದಿನ ಯಾರೂ ಮಾಡಲಿಲ್ಲ, ಮಾಡಬೇಕೆಂದು ನನಗೂ ತಿಳಿದಿರಲಿಲ್ಲ.

ವಿಮೆ ಮತ್ತು ಕಾಗದಪತ್ರ

ಎಆರ್‌ಎಐ (ವಾಹನ ಮತ್ತು ಅವುಗಳ ಭಾಗಗಳನ್ನು ಪರೀಕ್ಷಿಸುವ ಸಂಸ್ಥೆ) ಅನುಮೋದಿಸಿದ ಕಳ್ಳತನ ನಿರೋಧಕ ಸಾಧನವನ್ನು ಅಳವಡಿಸಿ, ಅದನ್ನು ಆಟೊಮೊಬೈಲ್ ಅಸೋಸಿಯೇಷನ್ ಪ್ರಮಾಣೀಕರಿಸಿದರೆ, ಮೋಟಾರು ವಿಮೆಯ ಹಳೆಯ ಸುಂಕಪಟ್ಟಿಯ ಪ್ರಕಾರ ಸ್ವಂತ ಹಾನಿಯ (ನಮ್ಮದೇ ಕಾರಿಗಾಗುವ ನಷ್ಟದ) ಪ್ರೀಮಿಯಮಿನಲ್ಲಿ ಶೇಕಡ 2.5, ಗರಿಷ್ಠ 500 ರೂಪಾಯಿ ರಿಯಾಯಿತಿ ಇತ್ತು. ಹಳೆಯ ಕಾರಿನ ಆ ಪ್ರೀಮಿಯಂ 2,000 ರೂಪಾಯಿ ಇದ್ದರೆ ಆ ಲೆಕ್ಕದಲ್ಲಿ ಉಳಿಯುವುದು ಐವತ್ತು ರೂಪಾಯಿ. ಇದಕ್ಕಾಗಿಯೇ ಅಲಾರಂ ಕೊಳ್ಳಬೇಕಿಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಹಳೆಯ ಕಾರಿಗೆ ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸುವವರು ಬಹಳ. ಕಾರು ಕಳುವಾದರೆ ಆ ವಿಮೆಯಿಂದ ಒಂದು ಪೈಸೆಯೂ ಬರುವುದಿಲ್ಲ. ಕಳುವಿಗೂ ರಕ್ಷಣೆ ಇರುವ ವಿಮೆ ಮಾಡಿಸುವಾಗ, ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ಕಂಪನಿಯೂ ನೀವೂ ಮಾತಾಡಿ ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ಕ್ಲೇಮಿನ ಹೊತ್ತಿಗೆ ಎರಡೂ ಕೀಲಿಗಳನ್ನು ಕೇಳುತ್ತಾರೆ. ಬೀಗದ ಸೆಟ್ ಬದಲಿಸಿದ್ದರೆ, ಅಲಾರಂ ಹಾಕಿಸಿದ್ದರೆ, ಅವುಗಳ ಬಿಲ್ಲನ್ನು ಮನೆಯಲ್ಲಿ ಜೋಪಾನವಾಗಿಡಿ.

ಕಾರು ಕಾಣೆಯಾದರೆ ತಡಮಾಡದೆ 112ಕ್ಕೆ ಕರೆಮಾಡಿ, ಠಾಣೆಯಲ್ಲಿ ದೂರು ದಾಖಲಿಸಿ, ವಿಮಾ ಕಂಪನಿಗೂ ಅಂದೇ ತಿಳಿಸಿ. 2024ರ ಜುಲೈ 1ರಿಂದ ಕಳ್ಳತನದ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿ ಬರುತ್ತದೆ. ಫಾಸ್ಟ್ಯಾಗನ್ನು ಗಾಬರಿಯಲ್ಲಿ ಬಂದ್ ಮಾಡಿಸಬೇಡಿ. ಕಾರು ಹೆಬ್ಬಾಳು ಟೋಲ್ ದಾಟಿದರೆ ನಿಮ್ಮ ಮೊಬೈಲಿಗೆ ಬರುವ ಸಂದೇಶವೇ ಅದು ಹೋದ ದಿಕ್ಕನ್ನು ಪೊಲೀಸರಿಗೆ ತಿಳಿಸುತ್ತದೆ.

ದಿನನಿತ್ಯದ ರೂಢಿ

ರಿಮೋಟಿನ ಸೆಲ್ಲನ್ನು ವರ್ಷಕ್ಕೊಮ್ಮೆ ಬದಲಿಸಿ. ತಿಂಗಳಿಗೊಮ್ಮೆ, ಹಗಲಿನಲ್ಲಿ, ಅಕ್ಕಪಕ್ಕದವರಿಗೆ ಹೇಳಿ ಅಲಾರಮನ್ನು ಕೂಗಿಸಿ ನೋಡಿ. ಆಗ ನಿಮ್ಮ ಕಾರಿನ ಸದ್ದು ಅವರಿಗೂ ಪರಿಚಯವಾಗುತ್ತದೆ. ಕಾರನ್ನು ಗ್ಯಾರೇಜಿಗೆ ಬಿಡುವಾಗ ಅಲಾರಮನ್ನು ತಾತ್ಕಾಲಿಕವಾಗಿ ಆರಿಸುವ ವ್ಯಾಲೆ ಸ್ವಿಚ್ಚನ್ನು ಬಳಸಿ, ರಿಮೋಟನ್ನು ಕೊಡಬೇಡಿ. ರಿಮೋಟು ಕೈಕೊಟ್ಟ ದಿನ ಅಲಾರಮನ್ನು ಹೇಗೆ ಆರಿಸಬೇಕು, ಗುಪ್ತ ಸ್ವಿಚ್ಚು ಎಲ್ಲಿದೆ, ಫ್ಯೂಸ್ ಎಷ್ಟು ಆಂಪಿನದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಬೀರುವಿನಲ್ಲಿಡಿ. ನಮ್ಮ ಮನೆಯಲ್ಲಿ ಆ ಹಾಳೆ ಎರಡನೆಯ ಕೀಲಿಯ ಜೊತೆಗೇ ಇದೆ, ತಾಯಿಗೂ ಅದು ಇರುವ ಜಾಗ ಗೊತ್ತು.